ಹದಿನೈದು ಕಿಲೋದ ಖಡ್ಗ

ಮೇ ತಿಂಗಳ ರಜೆಗೆ ಬಂದ ಸೋದರಳಿಯ ಚಾವಡಿಯಲ್ಲಿ ಕಾಗದ ಹರಡಿಕೊಂಡು ಕೂತಿದ್ದ. ಬೆಂಗಳೂರಿನಲ್ಲಿ ಓದುವ ಹುಡುಗ. ಅವನೂ ನಾಲ್ಕು ಗೆಳೆಯರೂ ಸೇರಿ ಒಂದು ಆಟ ಕಟ್ಟುತ್ತಿದ್ದಾರೆ. ಮೊಬೈಲಿನ ಆಟ ಅಲ್ಲ, ಮೇಜಿನ ಸುತ್ತ ಕೂತು ಆಡುವಂಥದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಹೊಡೆದದ್ದು ತಾಗಿತೋ ಇಲ್ಲವೋ, ತಾಗಿದರೆ ಪೆಟ್ಟು ಎಷ್ಟು ಎಂದು ದಾಳ ಹೇಳುತ್ತದೆ. ದಾಳಕ್ಕೆ ಮುಖ ಹೆಚ್ಚಿದಷ್ಟೂ ದೊಡ್ಡ ಪೆಟ್ಟು ಬೀಳಬಹುದು. ಹೆಚ್ಚುಕಮ್ಮಿ ನಮ್ಮ ತಾಳಮದ್ದಳೆಯ ಹಾಗೆಯೇ. ಪ್ರಸಂಗದ ಕೊನೆ ಮಾತ್ರ ಭಾಗವತರಿಗೂ ಗೊತ್ತಿಲ್ಲ, ಅಷ್ಟೆ.

"ಮಾವ, ಆಯುಧದ ಪಟ್ಟಿ ನೋಡಿ" ಎಂದು ಒಂದು ಹಾಳೆ ಕೊಟ್ಟ. ಮೊದಲ ಸಾಲು: ಮಹಾಖಡ್ಗ, ತೂಕ 15 ಕಿಲೋ, ಪೆಟ್ಟು ಹನ್ನೆರಡು ಮುಖದ ದಾಳ. ಕೊನೆಯ ಸಾಲು: ಈಟಿ, ತೂಕ 1 ಕಿಲೋ, ಪೆಟ್ಟು ನಾಲ್ಕು ಮುಖದ ದಾಳ, ಬಡವರಿಗೆ.

ಇಡೀ ಆಯುಷ್ಯ ಭೌತವಿಜ್ಞಾನದ ಪಾಠ ಮಾಡಿದವನು ಇದನ್ನು ನೋಡಿ ಸುಮ್ಮನಿರುವುದು ಹೇಗೆ?

"15 ಕಿಲೋ ಅಂದರೆ ಎಷ್ಟು ಗೊತ್ತುಂಟಾ? ಅಡುಗೆಮನೆಯ ಸಿಲಿಂಡರಿನಲ್ಲಿ ತುಂಬಿದ ಗ್ಯಾಸ್ 14.2 ಕಿಲೋ. ಅಷ್ಟು ಭಾರವನ್ನು ಕೋಲಿಗೆ ಕಟ್ಟಿ ಬೀಸಬೇಕು ಮಾರಾಯ."

"ಅವ ರಾಕ್ಷಸನನ್ನು ಕೊಲ್ಲುವವ ಅಲ್ವಾ ಮಾವ, ಬೀಸ್ತಾನೆ."

ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಟ್ಟಿದ್ದು. ತಮಾಷೆಯೆಂದರೆ, ಅದರ ಮೊದಲ ನಿಯಮದಲ್ಲಿ ಎಲ್ಲ ಆಯುಧಕ್ಕೂ ಪೆಟ್ಟು ಒಂದೇ. ಚೂರಿಗೂ ಆರು ಮುಖದ ದಾಳ, ದೊಡ್ಡ ಖಡ್ಗಕ್ಕೂ ಅದೇ ದಾಳ. ಮರುವರ್ಷದ ಪುರವಣಿಯಲ್ಲಿ ಒಂದೊಂದು ಆಯುಧಕ್ಕೆ ಒಂದೊಂದು ಪೆಟ್ಟು ಬಂತು. ದೊಡ್ಡದಕ್ಕೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಆಡುವವರ ತಲೆಯಲ್ಲಿ ಅಲ್ಲಿಂದ ಒಂದು ಲೆಕ್ಕ ಕೂತುಬಿಟ್ಟಿದೆ ಎಂದು ನನಗನ್ನಿಸುತ್ತದೆ: ಭಾರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು.

ನಿಜವಾದ ಖಡ್ಗಗಳು ಮ್ಯೂಸಿಯಮ್ಮುಗಳಲ್ಲಿ ಬೇಕಾದಷ್ಟಿವೆ. ತೂಗಿಯೂ ನೋಡಿದ್ದಾರೆ. ಮಧ್ಯಯುಗದ ಯುರೋಪಿನಲ್ಲಿ ಒಂದು ಕೈಯಲ್ಲಿ ಹಿಡಿಯುತ್ತಿದ್ದ ಖಡ್ಗ 1 ಕಿಲೋದಿಂದ 1.3 ಕಿಲೋದ ಆಸುಪಾಸು. ಎರಡು ಕೈಗೆ ಒಗ್ಗುವ ಉದ್ದ ಖಡ್ಗ ಒಂದೂವರೆ ಕಿಲೋದ ಹತ್ತಿರ. 16ನೇ ಶತಮಾನದ ಆಳೆತ್ತರದ ಖಡ್ಗಗಳು 2ರಿಂದ ಮೂರೂವರೆ ಕಿಲೋ. ಅದಕ್ಕೂ ಭಾರದವು ಸಿಗುತ್ತವೆ, ಆದರೆ ಅವು ಮೆರವಣಿಗೆಯಲ್ಲಿ ಹೊತ್ತು ನಡೆಯಲು ಮಾಡಿದ್ದು.

ಚಾವಡಿಯ ಮೂಲೆಯಲ್ಲಿ ಅವನದೇ ಹಳೆಯ ಕ್ರಿಕೆಟ್ ಬ್ಯಾಟು ಇತ್ತು. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆ. 1.2 ಕಿಲೋ. "ಇದೇ ನಿನ್ನ ಖಡ್ಗದ ತೂಕ. ಒಂದೇ ಕೈಯಲ್ಲಿ ಬೀಸು" ಎಂದೆ. ಹತ್ತು ಸಲ ಬೀಸುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಂಡ. "ಈಗ ತಿರುಗಿಸಿ ಹಿಡಿ. ಅಗಲದ ಬದಿ ಕೈಯಲ್ಲಿರಲಿ, ಹಿಡಿ ಮುಂದಕ್ಕಿರಲಿ." ಬೀಸಿದ. ಸೊಯ್ಯನೆ ಹೋಯಿತು. ಬ್ಯಾಟು ಅದೇ, ತೂಕ ಅದೇ, ಕೈಗೆ ಮಾತ್ರ ಬೇರೆಯೇ ವಸ್ತು.

ತಿರುಗುವ ವಸ್ತುವಿನಲ್ಲಿ ತೂಕ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ದೊಡ್ಡದು. ಹಿಡಿಯಿಂದ ಒಂದು ಅಡಿ ದೂರದಲ್ಲಿರುವ 100 ಗ್ರಾಂ ಕಬ್ಬಿಣವನ್ನು ಎರಡು ಅಡಿ ದೂರಕ್ಕೆ ಸರಿಸಿ ನೋಡಿ. ಅದನ್ನು ಅದೇ ವೇಗಕ್ಕೆ ತಿರುಗಿಸುವ ಕಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ಖಡ್ಗ ಮಾಡುವವರು ಈ ಸೂತ್ರ ಓದಿರಲಿಲ್ಲ, ಅವರ ಕೈಗೆ ಗೊತ್ತಿತ್ತು. ಅಲಗು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋದಂತೆ ತೆಳು. ಹಿಡಿಯ ಹಿಂದುಗಡೆ ಒಂದು ಕಬ್ಬಿಣದ ಗುಂಡು. ನಾವು ಅದನ್ನು ಅಲಂಕಾರ ಅಂದುಕೊಳ್ಳುತ್ತೇವೆ. ಅದು ಎದುರು ತೂಕ. ಹೀಗೆ ಮಾಡಿದ ಉದ್ದ ಖಡ್ಗವನ್ನು ಬೆರಳಿನ ಮೇಲೆ ತೂಗಿದರೆ, ಹಿಡಿಯ ಅಡ್ಡಪಟ್ಟಿಯಿಂದ ಸುಮಾರು 10 ಸೆಂಟಿಮೀಟರ್ ಮುಂದೆ ಸಮತೋಲ ಸಿಗುತ್ತದೆ. ಅಂದರೆ ಭಾರವೆಲ್ಲ ಕೈಯ ಹತ್ತಿರವೇ.

ನಮ್ಮ ಮನೆಯ ಕತ್ತಿ ಇದಕ್ಕೆ ತದ್ವಿರುದ್ಧ. ಸೌದೆ ಕಡಿಯುವ, ಸೊಪ್ಪು ಸವರುವ, ತುದಿ ಬಾಗಿದ ಕತ್ತಿ. ತೂಗಿದರೆ 700 ಗ್ರಾಂ. ಆದರೆ ಭಾರವೆಲ್ಲ ಮುಂದೆ, ಬಾಗಿದ ಹೊಟ್ಟೆಯ ಹತ್ತಿರ. ಕೈ ಎತ್ತಿ ಬಿಟ್ಟರೆ ಸಾಕು, ಅದೇ ಇಳಿದು ಕಡಿಯುತ್ತದೆ. ಕಡಿದ ಮೇಲೆ ಮತ್ತೆ ಎತ್ತಲು ತಡವಾದರೂ ಚಿಂತೆಯಿಲ್ಲ. ಸೌದೆ ತಿರುಗಿ ಹೊಡೆಯುವುದಿಲ್ಲವಲ್ಲ. ಮನುಷ್ಯ ತಿರುಗಿ ಹೊಡೆಯುತ್ತಾನೆ. ಹಾಗಾಗಿ ಖಡ್ಗಕ್ಕೆ ಬೀಸುವುದರಷ್ಟೇ, ಬೀಸಿದ್ದನ್ನು ಅರ್ಧದಲ್ಲಿ ನಿಲ್ಲಿಸಿ ಬೇರೆ ಕಡೆ ತಿರುಗಿಸುವುದೂ ಮುಖ್ಯ.

ಗದೆಯ ಕಥೆಯೂ ಇಷ್ಟೆ. ಯಕ್ಷಗಾನದ ಭೀಮನ ಗದೆ ಕುಂಬಳಕಾಯಿಯಷ್ಟು ದಪ್ಪ, ಒಳಗೆ ಪೊಳ್ಳು. ಅದು ರಂಗದ ಮಟ್ಟಿಗೆ ಸರಿಯೇ, ಹಿಂದಿನ ಸಾಲಿನವರಿಗೂ ಕಾಣಬೇಕಲ್ಲ. ಯುದ್ಧಕ್ಕೆ ಒಯ್ಯುತ್ತಿದ್ದ ಕಬ್ಬಿಣದ ಗದೆಯ ತಲೆ ಮುಷ್ಟಿಯಷ್ಟೇ. ಒಟ್ಟು ತೂಕ ಒಂದೆರಡು ಕಿಲೋ. ಉಕ್ಕಿನ ಕವಚದ ಮೇಲೆ ಖಡ್ಗದ ಬಾಯಿ ಜಾರುತ್ತದೆ. ಗದೆ ಕವಚವನ್ನು ಕತ್ತರಿಸುವ ಗೋಜಿಗೇ ಹೋಗುವುದಿಲ್ಲ, ಪೆಟ್ಟನ್ನು ಒಳಗಿನ ಮೂಳೆಗೆ ದಾಟಿಸುತ್ತದೆ. ಆಟದವರು ಕಡಿತ, ಚುಚ್ಚು, ಗುದ್ದು ಎಂದು ಪೆಟ್ಟನ್ನು ಮೂರು ಬಗೆ ಮಾಡಿದ್ದಾರಲ್ಲ, ಅದು ನನಗೆ ಮೆಚ್ಚಿಗೆಯಾಯಿತು.

ಇನ್ನು ಆ ಬಡವರ ಈಟಿ. ಅಳಿಯನನ್ನು ತೋಟಕ್ಕೆ ಕರೆದುಕೊಂಡು ಹೋದೆ.

ಅಡಿಕೆ ಬೆಳೆಯುವ ನಮಗೆ ಉದ್ದದ ಕಷ್ಟವನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಯಾವ ತೋಟಕ್ಕೆ ಹೋದರೂ ದೋಟಿ ಇದೆ, ಮರದ ತುದಿ ಮುಟ್ಟುವ ಉದ್ದ ಕೋಲು. ಮೊದಲು ಬಿದಿರಿನದು, ಆಮೇಲೆ ಅಲ್ಯೂಮಿನಿಯಂ, ಈಗ ಕಾರ್ಬನ್ ಫೈಬರ್. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡಬಹುದು. ನೆಟ್ಟಗೆ ನಿಂತಿರುವಷ್ಟು ಹೊತ್ತು ದೋಟಿಯಷ್ಟು ಸಾಧು ವಸ್ತು ಇನ್ನೊಂದಿಲ್ಲ. ಸ್ವಲ್ಪ ವಾಲಿತೋ, ಕೆಟ್ಟಿತು. ನಾನೊಮ್ಮೆ ಹಳೆಯ ಬಿದಿರಿನ ದೋಟಿ ಇಳಿಸಲು ಹೋಗಿ ಎರಡು ಬಾಳೆಗಿಡ ಮುರಿದು, ಮನೆಯವಳಿಂದ ಒಂದು ವಾರ ಮಾತು ಕೇಳಿದ್ದೇನೆ.

"ಇದನ್ನು ಅಡ್ಡ ಹಿಡಿ, ಈಟಿಯ ಹಾಗೆ" ಎಂದೆ. ಅಳಿಯ ಹಿಡಿದ. ಒಂದರೊಳಗೊಂದು ಸೇರಿರುವ ಕೊಳವೆಗಳನ್ನು ಹತ್ತು ಅಡಿಯಷ್ಟು ಎಳೆದಾಗ ಸರಿಯಾಗಿತ್ತು. ಇಪ್ಪತ್ತು ಅಡಿಗೆ ತುದಿ ಬಗ್ಗಿತು, ಗಾಳಿಗೆ ತೂಗಾಡಿತು. ಒಂದೇ ದಪ್ಪದ ಕೋಲು ತನ್ನದೇ ಭಾರಕ್ಕೆ ಎಷ್ಟು ಬಗ್ಗುತ್ತದೆ ಎನ್ನುವುದು ಉದ್ದದ ನಾಲ್ಕನೇ ಘಾತದ ಲೆಕ್ಕ. ಉದ್ದ ಎರಡು ಪಟ್ಟಾದರೆ ಬಗ್ಗುವುದು 16 ಪಟ್ಟು. ಕಾರ್ಬನ್ ದೋಟಿ ಇಷ್ಟಾದರೂ ನಿಲ್ಲುವುದು ಅದು ಹಗುರವೂ ಸುಲಭಕ್ಕೆ ಬಾಗದಷ್ಟು ಬಿರುಸೂ ಆಗಿರುವುದಕ್ಕೆ, ಮತ್ತೆ ಅದು ಕೊಳವೆಯಾಗಿರುವುದಕ್ಕೆ. ಬಾಗುವುದನ್ನು ತಡೆಯುವ ಕೆಲಸ ಹೊರಸುತ್ತಿನದು, ನಡುವಿನ ತಿರುಳಿನ ಪಾಲು ಕಡಿಮೆ. ಅಡಿಕೆ ಮರ ಇದನ್ನು ಯಾವಾಗಲೋ ಕಲಿತಿದೆ. ಕಡಿದು ನೋಡಿ, ಹೊರಗಡೆ ನಾರು ಒತ್ತೊತ್ತಾಗಿ ಕಬ್ಬಿಣದಂತೆ, ಒಳಗೆ ಮೆತ್ತಗೆ.

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ದೊರೆಯ ಸೈನಿಕರು ಹಿಡಿದ ಸರಿಸ್ಸಾ ಎಂಬ ಈಟಿ ಸುಮಾರು 5ರಿಂದ 6 ಮೀಟರ್ ಉದ್ದ. 15ನೇ ಶತಮಾನದ ಸ್ವಿಸ್ ಕಾಲಾಳುಗಳ ಈಟಿಯೂ ಸರಿಸುಮಾರು ಅಷ್ಟೇ. ನಡುವೆ ಸಾವಿರದ ಎಂಟುನೂರು ವರ್ಷ. ಇಬ್ಬರೂ ಅಲ್ಲಿಗೇ ನಿಂತದ್ದು ಕಾಕತಾಳೀಯ ಅಲ್ಲ ಎಂದು ನನ್ನ ಅಂದಾಜು. ಅದಕ್ಕಿಂತ ಉದ್ದದ ಮರದ ಕೋಲು ಕೈಯಲ್ಲಿ ಅಡ್ಡ ನಿಲ್ಲುವುದಿಲ್ಲ, ನಿಲ್ಲುವಷ್ಟು ದಪ್ಪ ಮಾಡಿದರೆ ಹಿಡಿಯಲಿಕ್ಕೆ ಆಗುವುದಿಲ್ಲ.

ಒಬ್ಬನ ಕೈಯಲ್ಲಿ ಇಂಥ ಈಟಿ ನಮ್ಮ ದೋಟಿಯಷ್ಟೇ ಪೆದ್ದು. ನೂರಾರು ಜನ ಒತ್ತೊತ್ತಾಗಿ ನಿಂತಾಗ ಕಥೆ ಬದಲಾಗುತ್ತದೆ. ಮ್ಯಾಸಿಡೋನಿಯಾದ ವ್ಯೂಹದಲ್ಲಿ ಮೊದಲ ಐದು ಸಾಲಿನವರ ಈಟಿಯ ತುದಿಗಳೂ ಎಲ್ಲರಿಗಿಂತ ಮುಂದಿನವನನ್ನು ದಾಟಿ ಹೊರಗೆ ಚಾಚಿರುತ್ತಿದ್ದವು. 15 ಕಿಲೋದ ಖಡ್ಗ ಹಿಡಿದ ಮಹಾವೀರ ಒಬ್ಬ ಸೈನಿಕನ ಹತ್ತಿರ ಬರಬೇಕಾದರೂ ಐದು ಮೊನೆ ದಾಟಬೇಕು. ಯುರೋಪಿನ ಬರ್ಗಂಡಿಯ ದೊರೆ ಧೀರ ಚಾರ್ಲ್ಸ್ ಕುದುರೆ, ಕವಚ, ಫಿರಂಗಿ ಎಲ್ಲ ಇಟ್ಟುಕೊಂಡು 1476ರಲ್ಲಿ ಸ್ವಿಸ್ ಈಟಿಯವರ ಎದುರು ಎರಡು ಸಲ ಸೋತ. 1477ರಲ್ಲಿ ಅವರ ಎದುರೇ ಪ್ರಾಣ ಬಿಟ್ಟ.

ಬಡವರಿಗೆ ಎಂದು ಬರೆದದ್ದೇನೂ ಸುಳ್ಳಲ್ಲ. ಈಟಿಗೆ ಕಬ್ಬಿಣ ಬೇಕಾದದ್ದು ತುದಿಗಷ್ಟೇ, ಉಳಿದದ್ದು ಮರ. ಬೆಲೆ ಕಡಿಮೆ. ನಾಲ್ಕು ಮುಖದ ದಾಳ ಕೊಟ್ಟದ್ದು ಮಾತ್ರ ಅನ್ಯಾಯ.

ಬಿಲ್ಲಿನ ವಿಷಯದಲ್ಲೂ ಆಟಗಳು ಹೀಗೇ ದಾರಿ ತಪ್ಪಿವೆ. ತೆಳ್ಳಗಿನ ಚುರುಕು ಪಾತ್ರಕ್ಕೆ ಬಿಲ್ಲು, ದಾಂಡಿಗನಿಗೆ ಕೊಡಲಿ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ನೂರಕ್ಕೂ ಹೆಚ್ಚು ಬಿಲ್ಲು ಸಿಕ್ಕವು. ಹೆಚ್ಚಿನವನ್ನು ಪೂರ್ತಿ ಎಳೆಯಲು 45 ಕಿಲೋಗಿಂತ ಜಾಸ್ತಿ ಬಲ ಬೇಕು ಎಂದು ಲೆಕ್ಕ ಹಾಕಿದ್ದಾರೆ. ಒಂದು ಮೂಟೆ ಅಕ್ಕಿಯನ್ನು ಮೂರು ಬೆರಳಲ್ಲಿ ಎಳೆದ ಹಾಗೆ. ದಾಂಡಿಗನಿಗೇ ಬಿಲ್ಲು ಕೊಡಬೇಕು.

ಮಧ್ಯೆ ಒಂದು ಸಂಜೆ ಬೇಕಲ ಕೋಟೆಗೆ ಹೋಗಿ ಬಂದೆವು. ಆಟದ ಭೂಪಟಕ್ಕೆ ಅವನಿಗೊಂದು ಕೋಟೆ ಬೇಕಿತ್ತಂತೆ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ. ಅಳಿಯ ಗೋಡೆಯ ತೂತುಗಳಲ್ಲಿ ಇಣುಕಿದ. ಒಂದು ದೂರಕ್ಕೆ ನೋಡುತ್ತದೆ, ಅದರ ಕೆಳಗಿನದು ಹತ್ತಿರಕ್ಕೆ. "ಇಲ್ಲಿಂದ ಬಾಣ ಬಿಡೋದಾ?" ಎಂದ. ಅಲ್ಲ, ಇದು ಕೋವಿ ಮದ್ದಿನ ಕಾಲದ ಕೋಟೆ. ಅವನ ಆಟದಲ್ಲಿ ಕೋವಿ ಇಲ್ಲ, ಆದರೂ ಕೋಟೆ ಇಟ್ಟುಕೊಂಡ. ನಾನೂ ಒತ್ತಾಯ ಮಾಡಲಿಲ್ಲ. ಸಮುದ್ರದ ಗಾಳಿ ಚೆನ್ನಾಗಿತ್ತು.

ಆಕಾರ ಆಯಿತು. ಇನ್ನು ಹದ. ಚಿಕ್ಕವನಿದ್ದಾಗ ನಾನು ಮಾಡಿದ ಒಂದು ಘನಕಾರ್ಯ ಹೇಳಬೇಕು. ಕತ್ತಿಯ ಹಿಡಿ ಮುರಿದು, ಮರದ ಚೂರು ಒಳಗೇ ಸಿಕ್ಕಿಕೊಂಡಿತ್ತು. ಸುಟ್ಟು ತೆಗೆದರೆ ಸುಲಭ ಎಂದು ಇಡೀ ಕತ್ತಿಯನ್ನು ಬಚ್ಚಲ ಒಲೆಗೆ ಹಾಕಿ ಮರೆತೆ. ಮರುದಿನ ಅಪ್ಪ ತೆಂಗಿನ ಮಡಲಿಗೆ ಏಟು ಹಾಕಿದರೆ ಕತ್ತಿಯ ಬಾಯಿ ಹಾಳೆಯ ಹಾಗೆ ಮಡಚಿತು. "ಹದ ಹೋಯಿತು" ಎಂದರು ಅಪ್ಪ. ನನಗೆ ಬಿದ್ದ ಪೆಟ್ಟಿಗೆ ಯಾವ ದಾಳವೂ ಬೇಕಾಗಿರಲಿಲ್ಲ.

ಹದ ಅಂದರೆ ಎಂತದು? ಉಕ್ಕು ಅಂದರೆ ಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಊರಿನ ಕಮ್ಮಾರಸಾಲೆಯಲ್ಲಿ ಈಗ ಕತ್ತಿಗೆ ಬಳಸುವುದು ಹೆಚ್ಚಾಗಿ ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ. ಕೆಂಪಗೆ ಕಾಯಿಸಿದಾಗ, ಸುಮಾರು 800 ಡಿಗ್ರಿಯಲ್ಲಿ, ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲ ಅದರಲ್ಲಿ ಕರಗುತ್ತದೆ. ಆ ಬಿಸಿಗೆ ಉಕ್ಕು ಅಯಸ್ಕಾಂತಕ್ಕೂ ಅಂಟುವುದಿಲ್ಲ. ಚುಂಯ್ ಎಂದು ನೀರಿಗದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗದೆ ಸಿಕ್ಕಿಬೀಳುತ್ತದೆ. ಉಕ್ಕು ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೆಯೇ ಬಿರುಕು ಬಿಡುವಂಥದ್ದು. ಅದನ್ನು ಮತ್ತೆ 200ರಿಂದ 300 ಡಿಗ್ರಿಗೆ ಮೆಲ್ಲಗೆ ಕಾಯಿಸಿದರೆ ಸ್ವಲ್ಪ ಗಡಸು ಬಿಟ್ಟುಕೊಟ್ಟು ತಾಳಿಕೆ ಪಡೆಯುತ್ತದೆ. ಉಜ್ಜಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಓಡುತ್ತವೆ. ಆ ಬಣ್ಣ ನೋಡಿಯೇ ಆಚಾರಿ ಕೈ ತಡೆಯುತ್ತಾನೆ, ಥರ್ಮಾಮೀಟರು ಬೇಡ. ನನ್ನ ಬಚ್ಚಲ ಒಲೆ ಆ ನೀಲಿಯನ್ನೂ ದಾಟಿ ಹೋಗಿತ್ತು.

ದಕ್ಷಿಣ ಭಾರತದವರು ಇಂಗಾಲ ಇನ್ನೂ ಹೆಚ್ಚಿರುವ, ನೂರಕ್ಕೆ ಒಂದರಿಂದ ಎರಡು ಪಾಲಿನಷ್ಟಿರುವ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಮಾಡುತ್ತಿದ್ದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದ, ಹೆಸರು 'ವೂಟ್ಜ್' ಎಂದ. ನಮ್ಮ 'ಉಕ್ಕು' ಎಂಬ ಮಾತೇ ಅಲ್ಲಿಗೆ ಹೋಗಿ ಹಾಗಾಯಿತು ಎಂದು ಹೆಚ್ಚಿನವರು ಒಪ್ಪುತ್ತಾರೆ. ಕಮ್ಮಾರನ ಮಗ ಮೈಕೇಲ್ ಫ್ಯಾರಡೆ ವಿದ್ಯುತ್ತಿಗೆ ಹೆಸರಾಗುವ ಮೊದಲು ಈ ಉಕ್ಕಿನ ಗುಟ್ಟು ಹುಡುಕಿಕೊಂಡು ಕೆಲವು ವರ್ಷ ಕಳೆದ. "ಇದನ್ನು ಹಾಕ್ತೇನೆ ಮಾವ, ಉಕ್ಕಿನ ಖಡ್ಗಕ್ಕೆ ಎರಡು ಅಂಕ ಜಾಸ್ತಿ" ಎಂದ ಅಳಿಯ. ಹಾಕಿಕೋ ಎಂದೆ.

ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಉರುಮಿ. ಉತ್ತರ ಮಲಬಾರಿನ ಕಳರಿ ಗರಡಿಯವರು ಬೀಸುವ, ಬೆಲ್ಟಿನ ಹಾಗೆ ಸುತ್ತಿಕೊಳ್ಳಬಹುದಾದ ಖಡ್ಗ. ಉಕ್ಕು ಹೀಗೆ ಸುತ್ತಿಕೊಳ್ಳುವುದು ಹೇಗೆ? ಪಟ್ಟಿ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಪಟ್ಟಿ ತೆಳುವಾದಷ್ಟೂ ಹಿಗ್ಗುವುದು ಕಡಿಮೆ. ಮುಕ್ಕಾಲು ಮಿಲಿಮೀಟರ್ ದಪ್ಪದ ಪಟ್ಟಿಯನ್ನು 15 ಸೆಂಟಿಮೀಟರ್ ತ್ರಿಜ್ಯದ ಸೊಂಟಕ್ಕೆ ಸುತ್ತಿದರೆ ಹೊರಮೈ ಸಾವಿರಕ್ಕೆ ಎರಡೂವರೆ ಪಾಲು ಹಿಗ್ಗುತ್ತದೆ. ಹದ ಹಾಕಿದ ಸ್ಪ್ರಿಂಗ್ ಉಕ್ಕು ಸಾವಿರಕ್ಕೆ ಐದು ಪಾಲು ಹಿಗ್ಗಿದರೂ ಮರಳಿ ನೆಟ್ಟಗಾಗುತ್ತದೆ. ಸಾದಾ ಕಬ್ಬಿಣ ಒಂದು ಪಾಲಿಗೇ ಸೋತು ಬಾಗಿಯೇ ಉಳಿಯುತ್ತದೆ. ಬಿಚ್ಚಿದರೆ ಚಕ್ಕುಲಿ! 5 ಮಿಲಿಮೀಟರ್ ದಪ್ಪದ ಖಡ್ಗವಾದರೆ ಸಾವಿರಕ್ಕೆ ಹದಿನಾರು ಪಾಲು ದಾಟಬೇಕು, ಆಗ ಸ್ಪ್ರಿಂಗ್ ಉಕ್ಕೂ ಕೈ ಚೆಲ್ಲುತ್ತದೆ. ಜೊತೆಗೆ ಬಿರುಸು ದಪ್ಪದ ಘನದಂತೆ ಏರುತ್ತದೆ. ಅಷ್ಟೇ ಅಗಲದ ದಪ್ಪ ಪಟ್ಟಿ ಈ ತೆಳು ಪಟ್ಟಿಗಿಂತ ಸುಮಾರು 300 ಪಟ್ಟು ಬಿರುಸು.

ಬಿರುಸಿಲ್ಲದ ಆಯುಧ ತಡೆಯಲು ಬರುವುದಿಲ್ಲ, ನಿಲ್ಲಿಸಲು ಬರುವುದಿಲ್ಲ. ತಿರುಗುತ್ತಲೇ ಇರಬೇಕು. ಕೈ ಕ್ಷಣ ತಪ್ಪಿದರೆ ತುದಿ ಬೀಸಿದವನನ್ನೇ ಹುಡುಕಿಕೊಂಡು ಬರುತ್ತದೆ. ಕಳರಿಯಲ್ಲಿ ಇದನ್ನು ಕೊನೆಗೆ ಕಲಿಸುವುದು ಅದಕ್ಕೇ. ಅಳಿಯ ಹನ್ನೆರಡು ಮುಖದ ದಾಳ ಕೊಡಲು ಹೊರಟಿದ್ದ. ನಾನು ಜಗಳ ಮಾಡಿ ಒಂದು ನಿಯಮ ಸೇರಿಸಿದೆ: ಇಪ್ಪತ್ತು ಮುಖದ ದಾಳದಲ್ಲಿ 1, 2 ಅಥವಾ 3 ಬಿದ್ದರೆ ಪೆಟ್ಟು ತನಗೇ. ನೂರಕ್ಕೆ 15 ಸಲ. ಅವನಿಗೆ ಅದು ಜಾಸ್ತಿ ಅನ್ನಿಸಿತು. ನಾನು ಬಿಡಲಿಲ್ಲ.

ಆ ರಾತ್ರಿ ಮಳೆ, ಕರೆಂಟು ಇಲ್ಲ. ಮೊದಲ ಆಟಕ್ಕೆ ಮೇಣದಬತ್ತಿ ಹಚ್ಚಿಕೊಂಡು ಕೂತೆವು. ಅಮ್ಮ ಈಟಿ ಆರಿಸಿಕೊಂಡರು, ದೂರದಿಂದಲೇ ತಿವಿಯಬಹುದು ಎಂದು. ಮನೆಯವಳು ಗದೆ. ನಾನು, ಇಷ್ಟೆಲ್ಲ ಪಾಠ ಹೇಳಿದವನು, ಉರುಮಿ ತೆಗೆದುಕೊಂಡೆ. ರಾಕ್ಷಸ ಬಾಗಿಲಲ್ಲಿ ನಿಂತ. ದಾಳ ಉರುಳಿಸಿದೆ. ಮೇಣದಬತ್ತಿ ಹತ್ತಿರ ಹಿಡಿದು ಎಲ್ಲರೂ ಬಗ್ಗಿ ನೋಡಿದರು.

ಎರಡು.

"ಯಾವ ಕಾಲು ಮಾವ, ಎಡದ್ದಾ ಬಲದ್ದಾ?" ಎಂದು ಕೇಳಿದ ಅಳಿಯ.