ಹಲಸಿನ ಮೇಜು ಸೀಳಿದ್ದೇಕೆ?

ಪ್ರಶ್ನೆ: ಶಿರಸಿಯ ನಮ್ಮ ತೋಟದ ಹಲಸಿನ ಮರ ಕೊಯ್ಸಿ, ಅಲ್ಲೇ ಊಟದ ಮೇಜು ಮಾಡಿಸಿ ಬೆಂಗಳೂರಿಗೆ ತಂದೆವು. ಮಾರ್ಚ್ ಹೊತ್ತಿಗೆ ಮೇಲಿನ ಹಲಗೆ ಉದ್ದಕ್ಕೆ ಸೀಳಿತು. ಸಾಗುವಾನಿ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ನಿಜವೇ?

ಹಲಸನ್ನು ದೂರುವ ಮೊದಲು ಮೇಜನ್ನು ಬೋರಲು ಹಾಕಿ ನೋಡಿ. ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸಿದ್ದರೆ ಕಾರಣ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ. 80 ಇದ್ದಲ್ಲಿ ಮರದೊಳಗಿನ ತೇವ ಶೇ. 16ರ ಸುಮಾರಿಗೆ ನಿಲ್ಲುತ್ತದೆ. ಆರ್ದ್ರತೆ ಶೇ. 55ಕ್ಕೆ ಇಳಿದರೆ ಮರದ ತೇವವೂ ಶೇ. 10ಕ್ಕೆ ಇಳಿಯುತ್ತದೆ. ಶಿರಸಿಯ ಮಳೆಗಾಲ ಮೊದಲನೆಯ ಲೆಕ್ಕವನ್ನೂ ಮೀರಿಸುತ್ತದೆ, ಬೆಂಗಳೂರಿನ ಬೇಸಿಗೆ ಎರಡನೆಯದಕ್ಕಿಂತಲೂ ಒಣ. ನಿಮ್ಮ ಮೇಜು ಈ ಎರಡರ ನಡುವೆ ಪ್ರಯಾಣ ಮಾಡಿದೆ.

ತೇವ ಬಿಟ್ಟ ಮರ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಕುಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ಎಲ್ಲರೂ ಹೊಗಳುವ ಸಾಗುವಾನಿಯನ್ನೇ ತೆಗೆದುಕೊಳ್ಳಿ. ದಿಮ್ಮಿಯನ್ನು ಸುಮ್ಮನೆ ಪದರ ಪದರವಾಗಿ ಕೊಯ್ದು ತೆಗೆದ 60 ಸೆಂ.ಮೀ. ಅಗಲದ ಹಲಗೆ, ತೇವ ಶೇ. 16ರಿಂದ 10ಕ್ಕೆ ಇಳಿದಾಗ 6ರಿಂದ 7 ಮಿ.ಮೀ. ಕಿರಿದಾಗುತ್ತದೆ. ತಿರುಳಿನಿಂದ, ಅಂದರೆ ದಿಮ್ಮಿಯ ನಟ್ಟನಡುವಿನ ಮೆದು ಭಾಗದಿಂದ, ತೊಗಟೆಯ ಕಡೆಗೆ ಕೊಯ್ದ ಹಲಗೆಯಾದರೆ ಸುಮಾರು ಅದರ ಅರ್ಧ. ಸಾಗುವಾನಿ ಕಡಿಮೆ ಅಲುಗಾಡುವ ಮರವೆಂಬುದು ನಿಜ. ಆದರೆ ಆ 6 ಮಿ.ಮೀ.ಗೆ ಜಾಗವನ್ನೇ ಕೊಡದಿದ್ದರೆ ದಾಂಡೇಲಿಯ ಒಳ್ಳೆಯ ಸಾಗುವಾನಿಯೂ ಸೀಳುತ್ತದೆ. ಪಾಲಿಶ್ ಈ ಚಲನೆಯನ್ನು ನಿಧಾನ ಮಾಡೀತು, ತಡೆಯಲಾರದು.

ಹಳೆಯ ಮನೆಗಳ ಬಾಗಿಲು ನೋಡಿದರೆ ಈ ತಿಳಿವಳಿಕೆ ಕಣ್ಣಿಗೆ ಬೀಳುತ್ತದೆ. ಚೌಕಟ್ಟಿನ ಒಳಅಂಚಿನಲ್ಲಿ ಕಚ್ಚು ಕೊರೆದು, ನಡುವಿನ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಸೇರಿಸಿರುತ್ತಾರೆ. ಜುಲೈನಲ್ಲಿ ಅದು ಉಬ್ಬಿ ಕಚ್ಚಿನೊಳಗೆ ಸರಿಯುತ್ತದೆ, ಏಪ್ರಿಲ್‌ನಲ್ಲಿ ಕುಗ್ಗಿ ಹೊರಬರುತ್ತದೆ, ಚೌಕಟ್ಟಿಗೆ ಏನೂ ಆಗುವುದಿಲ್ಲ. ಇಂಥ ಕೆಲಸಕ್ಕೆ ಬೆಲೆ ಕೊಡಬೇಕಾದದ್ದು ಮರದ ಹೆಸರಿಗಲ್ಲ, ಆ ಕೈಗೆ ಎಂದೇ ನಾನು ನಂಬುತ್ತೇನೆ. (ಅಂದಹಾಗೆ, ಮಳೆಗಾಲದಲ್ಲಿ ಬಿಗಿಹಿಡಿದ ಬಾಗಿಲನ್ನು ಆಗಲೇ ಕೀಸುಳಿ ಹಾಕಿ ಕೀಸಬೇಡಿ. ಬೇಸಿಗೆಯಲ್ಲಿ ಬೆಳಕು ಕಾಣುವಷ್ಟು ಸಂದಿ ಬಿದ್ದೀತು.)

ಕೆತ್ತನೆಯ ಕೆಲಸದಲ್ಲಂತೂ ಇದರ ಲೆಕ್ಕ ಇನ್ನೂ ಕಠಿಣ. ವರ್ಷದ ಉಂಗುರಗಳ ಸುತ್ತ ಮರ ಕುಗ್ಗುವ ಪ್ರಮಾಣ, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ತಿರುಳು ಸಮೇತ ದುಂಡಗೆ ಉಳಿಸಿದ ದಿಮ್ಮಿ ಒಣಗುವಾಗ ಸೀಳುವ ಸಂಭವವೇ ಹೆಚ್ಚು. ತಿರುಳು ಬಿಟ್ಟು, ಅದರ ಸುತ್ತಲಿನ ಗಟ್ಟಿ ಮರವಾದ ಚೇಗಿನ ಭಾಗವನ್ನಷ್ಟೇ ಆರಿಸಿ ಕೆತ್ತುವುದು ಇದಕ್ಕೇ. ಶಿರಸಿ, ಕುಮಟಾ ಕಡೆಯ, ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಹೆಸರಾದ ಗಂಧದ ಕೆತ್ತನೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ದೇವರ ಮುಖವೇ ಕೆಟ್ಟಂತೆ. ದಿಮ್ಮಿಯ ತುದಿಗಳಿಂದ ತೇವ ಬೇಗ ಹೋಗುವುದರಿಂದ ಅಲ್ಲಿಗೆ ಮೇಣವನ್ನೋ ಸಗಣಿಯನ್ನೋ ಬಳಿದು ನೆರಳಲ್ಲಿ ಒಣಗಿಸುವ ರೂಢಿಯೂ ಇದೆ.

ನಿಮ್ಮ ಮರ ಎಷ್ಟು ಒಣಗಿತ್ತು? ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಗಾಳಿಯಲ್ಲಿ ಒಣಗಿಸುವವರ ಹಳೆಯ ಅಂದಾಜು. ಹಲಗೆಗಳ ನಡುವೆ ಪಟ್ಟಿ ಇಟ್ಟು, ಮಳೆ ಬಿಸಿಲು ತಾಗದಂತೆ ಅಟ್ಟಿ ಕಟ್ಟಿದರೆ ಮಾತ್ರ ಆ ಲೆಕ್ಕ. ಅದರ ಮೇಲೂ ಮಲೆನಾಡಿನ ಗಾಳಿ ಬೆಂಗಳೂರಿಗೆ ಬೇಕಾದಷ್ಟು ಒಣಗಿಸದು. ಮಾಡಿಸುವ ಮುನ್ನ ಹಲಗೆಗಳನ್ನು ಮೇಜು ಇಡುವ ಊರಿಗೇ ಒಯ್ದು ಕೆಲವು ವಾರ ಬಿಟ್ಟರೆ ಒಳ್ಳೆಯದು. ಆಚಾರಿಯ ಹತ್ತಿರ ತೇವ ಅಳೆಯುವ ಮೀಟರ್ ಇದ್ದರೆ ಒತ್ತಿ ನೋಡಲು ಹೇಳಿ.

ಈಗಿರುವ ಸೀಳಿಗೆ ಗಟ್ಟಿ ಪುಟ್ಟಿ ತುಂಬಬೇಡಿ. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಪುಟ್ಟಿಯೇ ಅದನ್ನು ತಳ್ಳುತ್ತದೆ. ಮೊದಲು ಸ್ಕ್ರೂ ಬಿಚ್ಚಿಸಿ, ಅಂಟಿದ್ದರೆ ಅದನ್ನೂ ಬಿಡಿಸಿ. ಹಲಗೆ ಹೊಸ ಊರಿಗೆ ಹೊಂದಿಕೊಂಡ ಮೇಲೆ ಸೀಳನ್ನು ಅಂಟಿಸಿ, ಕ್ಲಾಂಪ್ ಹಾಕಿ ಕೂಡಿಸಬಹುದು. ತಿರುಗಿ ಕೂರಿಸುವಾಗ ಚೌಕಟ್ಟಿನಲ್ಲಿ ಸ್ಕ್ರೂವಿನ ತೂತುಗಳನ್ನು ಎಳೆಗೆ ಅಡ್ಡಲಾಗಿ ಉದ್ದ ಮಾಡಿ, ವಾಷರ್ ಹಾಕಿ ಹದವಾಗಿ ಬಿಗಿಯಲು ನಿಮ್ಮ ಬಡಗಿಗೆ ಹೇಳಿ.