ಚುಚ್ಚಿಸಿಕೊಂಡ ಮೇಲೂ ಜ್ವರ ಬಂತಲ್ಲ!

"ಫ್ಲೂ ಲಸಿಕೆ ಹಾಕಿಸಿಕೊಂಡ ಐದನೇ ದಿನಕ್ಕೇ ಜ್ವರ ಬಂದು ಮಲಗಿಬಿಟ್ಟೆ. ಇನ್ನು ಅದರ ಸಹವಾಸವೇ ಬೇಡ ಮೇಡಂ."

ಲಸಿಕೆ ಬೇಡ ಅನ್ನುವವರನ್ನು ಮಾತಾಡಿಸುವುದೇ ನನ್ನ ಕೆಲಸ. ಅಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಶುರುವಿನ ವರ್ಷಗಳಲ್ಲಿ ‘ತಪ್ಪು ತಿಳಿವಳಿಕೆ’ ಅನ್ನುವ ಖಾನೆಯಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಈಗ ಅಲ್ಲೇ ನಿಲ್ಲುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಜ್ವರ ಬಂದದ್ದು ನಿಜ. ಕಾರಣ ಮಾತ್ರ ಬೇರೆ.

ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಇರುವುದು ಸತ್ತ ವೈರಸ್, ಇಲ್ಲವೇ ಅದರ ಚೂರು. ಅದರಿಂದ ಫ್ಲೂ ಬರಲಾರದು. ಕೆಲವರಿಗೆ ಒಂದೆರಡು ದಿನ ತೋಳು ನೋವು, ಮೈಕೈ ನೋವು, ಸಣ್ಣ ಜ್ವರ ಇರುತ್ತದೆ, ಅಷ್ಟೇ. ಆದರೆ ಲಸಿಕೆಯ ರಕ್ಷಣೆ ಸಿಗಲು ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ಫ್ಲೂ ತಗುಲಿದರೆ ಅದು ತಡೆಯಲಾರದು. ಅಲ್ಲದೆ ಲಸಿಕೆಯ ಕಾಲವೂ ನೆಗಡಿ ಕೆಮ್ಮಿನ ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆಗ ಓಡಾಡುವ ಬೇರೆ ವೈರಸ್‌ಗಳಿಗೂ ಈ ಲಸಿಕೆಗೂ ಸಂಬಂಧವೇ ಇಲ್ಲ.

ಇಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಬ್ರೆಂಡನ್ ನೈಹಾನ್ ಮತ್ತು ಜೇಸನ್ ರೈಫ್ಲರ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 43ರಷ್ಟು ಜನ ಲಸಿಕೆಯಿಂದಲೇ ಫ್ಲೂ ಬರಬಹುದು ಅಂತ ನಂಬಿದ್ದರು. ಸರಿಯಾದ ಮಾಹಿತಿ ಓದಿದ ಮೇಲೆ ಆ ನಂಬಿಕೆ ಕಡಿಮೆಯಾಯಿತು. ಆದರೆ ಅಡ್ಡಪರಿಣಾಮಗಳ ಭಯ ಮೊದಲೇ ಜಾಸ್ತಿ ಇದ್ದವರಲ್ಲಿ ಲಸಿಕೆ ಹಾಕಿಸಿಕೊಳ್ಳುವ ಮನಸ್ಸೂ ಕಡಿಮೆಯಾಯಿತು! ಒಂದು ಅನುಮಾನ ಕಿತ್ತುಕೊಂಡರೆ ಮನಸ್ಸು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ ಅಂತ ನನ್ನ ಊಹೆ.

ಹಾಗಾಗಿ ಈಗ ಲಸಿಕೆಯ ಮಿತಿಗಳಿಂದಲೇ ಮಾತು ಶುರು ಮಾಡುತ್ತೇನೆ. ಲಸಿಕೆಗೆ ಬಳಸಿದ ವೈರಸ್ ತಳಿಯೂ ಜನರಲ್ಲಿ ಹರಡುವ ತಳಿಯೂ ಚೆನ್ನಾಗಿ ಹೊಂದಿಕೊಂಡ ವರ್ಷದಲ್ಲಿ ರಕ್ಷಣೆ ಸಾಮಾನ್ಯವಾಗಿ ಶೇ. 40ರಿಂದ 60. "ಹಾಗಾದ್ರೆ ನಾಣ್ಯ ಚಿಮ್ಮಿದ ಹಾಗೆ ಅಲ್ವಾ?" ಅಂತ ಒಬ್ಬರು ಕೇಳಿದರು. ಅಲ್ಲ. ಲಸಿಕೆ ಇಲ್ಲದ ನೂರು ಜನರಲ್ಲಿ ಹತ್ತು ಜನಕ್ಕೆ ಫ್ಲೂ ಬರುತ್ತದೆ ಅಂದುಕೊಳ್ಳಿ. ಶೇ. 50 ರಕ್ಷಣೆ ಇದ್ದರೆ, ಲಸಿಕೆ ಪಡೆದ ನೂರರಲ್ಲಿ ಐದು ಜನಕ್ಕೆ ಬರುತ್ತದೆ. ಆ ಐವರ ಕಥೆ ಎಲ್ಲರ ಕಿವಿಗೂ ಬೀಳುತ್ತದೆ. ತಪ್ಪಿಸಿಕೊಂಡ ಐವರಿಗೆ ತಾವು ತಪ್ಪಿಸಿಕೊಂಡೆವು ಅಂತಲೇ ಗೊತ್ತಿರುವುದಿಲ್ಲ. ನನ್ನ ಕೆಲಸ ಕಷ್ಟವಾಗುವುದು ಇಲ್ಲೇ.

ಕೆಲವು ವರ್ಷ ಲಸಿಕೆ ಸೋಲುವುದೂ ಉಂಟು. ಫ್ಲೂ ವೈರಸ್ ತನ್ನ ಮೇಲಿನ ಪ್ರೋಟೀನ್‌ಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸಿಕೊಳ್ಳುತ್ತಲೇ ಇರುತ್ತದೆ. ಲಸಿಕೆಗೆ ಯಾವ ತಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಉತ್ತರಾರ್ಧ ಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿ ಹೇಳುತ್ತದೆ. ಹೆಚ್ಚಿನ ಲಸಿಕೆಯನ್ನು ಇಂದಿಗೂ ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ವೈರಸ್ ಬದಲಾದರೆ? 2014–15ರಲ್ಲಿ ಎಚ್3ಎನ್2 ಅನ್ನುವ ಫ್ಲೂ ತಳಿ ಹಾಗೇ ಮಾಡಿತು. ಆ ವರ್ಷ ಅಮೆರಿಕದಲ್ಲಿ ರಕ್ಷಣೆ ಶೇ. 19ಕ್ಕೆ ಇಳಿಯಿತು.

"ಇದನ್ನೆಲ್ಲ ಯಾಕೆ ಹೇಳ್ತೀರಿ, ಜನ ಹೆದರ್ತಾರೆ" ಅಂತ ಸಹೋದ್ಯೋಗಿಗಳು ಗದರಿಸಿದ್ದಾರೆ. ನಾವು ಮುಚ್ಚಿಟ್ಟದ್ದು ನಾಳೆ ಬೇರೆಯವರ ಬಾಯಿಂದ ಗೊತ್ತಾದರೆ ಇನ್ನೂ ಕಷ್ಟ. ಅದಕ್ಕೇ 1976ರ ಕಥೆಯನ್ನೂ ನಾನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಹಂದಿಜ್ವರದ ಮಹಾಪಿಡುಗು ಬರುತ್ತದೆ ಅಂತ 4 ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಕೊಟ್ಟರು. ಪಿಡುಗು ಬರಲಿಲ್ಲ. ಆದರೆ ಲಸಿಕೆ ಪಡೆದ ಲಕ್ಷಕ್ಕೆ ಸುಮಾರು ಒಬ್ಬರಂತೆ ಗಿಯಾನ್-ಬಾರೆ ಅನ್ನುವ ನರಗಳ ಕಾಯಿಲೆ ಹೆಚ್ಚಾಗಿ ಕಂಡಿತು. ಕಾರ್ಯಕ್ರಮ ನಿಲ್ಲಿಸಿದರು. ಈಗಿನ ಫ್ಲೂ ಲಸಿಕೆಯಲ್ಲಿ ಆ ಅಪಾಯ ಇದ್ದರೂ ಹತ್ತು ಲಕ್ಷ ಡೋಸ್‌ಗೆ ಒಂದೋ ಎರಡೋ. ಫ್ಲೂ ಬಂದವರಿಗೂ ಆ ಕಾಯಿಲೆ ಬರಬಹುದು ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಇಷ್ಟು ಹೊತ್ತು ಹೇಳಿದ್ದು ಅನುಮಾನ ಇರುವವರ ಮಾತು. ಆದರೆ ಲಸಿಕೆ ಹಾಕಿಸಿಕೊಳ್ಳದವರಲ್ಲಿ ಬೇಕಾದಷ್ಟು ಜನಕ್ಕೆ ಅನುಮಾನವೇ ಇರುವುದಿಲ್ಲ. ಸುಮ್ನೆ ಹೋಗಲು ಆಗಿರುವುದಿಲ್ಲ, ಅಷ್ಟೇ. ಅವರನ್ನೂ ‘ಹಿಂಜರಿಯುವವರು’ ಅಂತ ಒಂದೇ ಮೂಟೆಗೆ ಕಟ್ಟುವುದು ನಮ್ಮ ಸೋಮಾರಿತನ. 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದು ಕಂಪನಿಯ ನೌಕರರಿಗೆ ಉಚಿತ ಲಸಿಕೆಯ ಪತ್ರ ಕಳಿಸಿದರು. ಕೆಲವರ ಪತ್ರದಲ್ಲಿ ಮಾತ್ರ, ನೀವು ಹೋಗುವ ದಿನ ಮತ್ತು ಸಮಯ ಬರೆದುಕೊಳ್ಳಿ ಅಂತ ಜಾಗ ಬಿಟ್ಟಿದ್ದರು. ಯಾವ ಬುದ್ಧಿವಾದವೂ ಇರಲಿಲ್ಲ. ಅಷ್ಟಕ್ಕೇ ಲಸಿಕೆ ಪಡೆದವರ ಪ್ರಮಾಣ ನೂರಕ್ಕೆ ಸುಮಾರು ನಾಲ್ಕು ಜನದಷ್ಟು ಏರಿತು.

ನಮ್ಮ ಪ್ರಶ್ನಾವಳಿಯಲ್ಲೂ ಈಗ ‘ಹಾಕಿಸಿಕೊಳ್ಳುತ್ತೀರಾ?’ ಆದ ಮೇಲೆ ‘ಯಾವ ದಿನ, ಎಷ್ಟು ಗಂಟೆಗೆ?’ ಅಂತ ಒಂದು ಖಾಲಿ ಗೆರೆ ಇದೆ. ‘ಹೌದು’ ಅಂತ ಬರೆದು ಆ ಗೆರೆ ಖಾಲಿ ಬಿಟ್ಟವರಿಗೇ ನಾನು ಮೊದಲು ಫೋನ್ ಮಾಡುವುದು.