ಸಮ ಸಾಲು ಆಗುತ್ತೆ, ಎಷ್ಟು ಸಾಲು ಅಂತ ಮಾತ್ರ ಕೇಳಬೇಡಿ

ನಮ್ಮ ಬದಿಯಡ್ಕದ ಕಡೆ ಚಳಿಗಾಲ ಬಂತೆಂದರೆ ಅಂಗಳ ತುಂಬ ಅಡಿಕೆ. 35 ಅಡಿಕೆಯನ್ನು ಏಳೇಳರಂತೆ ಐದು ಸಾಲು ಇಡಬಹುದು. 37 ಇದ್ದರೆ ಏನು ಮಾಡಿದರೂ ಆಗುವುದಿಲ್ಲ, ಉದ್ದಕ್ಕೆ ಒಂದೇ ಸಾಲು. ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಅಂತ ಕಲಿಸಿದ್ದು ಇದನ್ನೇ.

ಈಗ ಅಂಗಳದಲ್ಲಿ 14,75,73,95,25,89,67,64,12,927 ಅಡಿಕೆ ಇದೆ ಅಂದುಕೊಳ್ಳಿ. (ಅಷ್ಟು ದೊಡ್ಡ ಅಂಗಳ ಯಾರಿಗೂ ಇಲ್ಲ, ಇರಲಿ.) 67 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಇದು. ಸಮ ಸಾಲು ಆಗುತ್ತದಾ?

ಆಗುವುದಿಲ್ಲ ಅಂದವರು ಫ್ರಾನ್ಸಿನ ಪಾದ್ರಿ ಮೆರ್ಸೆನ್, 1644ರಲ್ಲಿ. ಎಷ್ಟು ಎರಡು ಗುಣಿಸಿ ಒಂದು ಕಳೆದರೆ ಅವಿಭಾಜ್ಯ ಬರುತ್ತದೆ ಅಂತ 257ರ ತನಕ ಒಂದು ಪಟ್ಟಿಯನ್ನೇ ಕೊಟ್ಟರು. ಅದರಲ್ಲಿ 61, 89, 107 ಬಿಟ್ಟುಹೋದವು, 67 ಮತ್ತು 257 ತಪ್ಪಾಗಿ ಸೇರಿದವು. 61 ಬರೆಯಲು ಹೋಗಿ 67 ಆಯಿತೋ ಏನೋ ಅಂತ ಊಹಿಸುವವರೂ ಇದ್ದಾರೆ.

67ರ ತಪ್ಪು ಗೊತ್ತಾಗಲು 1876 ಬರಬೇಕಾಯಿತು, ಗೊತ್ತಾದ ರೀತಿಯೇ ನನಗೆ ತುಂಬ ಇಷ್ಟ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ನಮ್ಮ ಈ ಅಡಿಕೆ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಸಾಧಿಸಿದರು, ಆದರೆ ಯಾವುದರಿಂದ ಭಾಗವಾಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ತೆಂಗಿನಕಾಯಿಯನ್ನು ಒಡೆಯದೆ ಕಿವಿ ಹತ್ತಿರ ಕುಲುಕಿ ನೀರಿದೆ ಅಂತ ಹೇಳುತ್ತೇವಲ್ಲ, ಹಾಗೆ. ಈ ಕುಲುಕುವ ಉಪಾಯವನ್ನು ಆಮೇಲೆ ಅಮೆರಿಕದ ಗಣಿತಜ್ಞ ಲೆಹ್ಮರ್ ಸರಳ ಮಾಡಿದರು. ಐದು ಎರಡು ಗುಣಿಸಿ ಒಂದು ಕಳೆದರೆ 31. ನಾಲ್ಕರಿಂದ ಶುರು ಮಾಡಿ, ವರ್ಗ ಮಾಡಿ, ಎರಡು ಕಳೆದು, 31ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ: 4, 14, 8, 0. ಐದಕ್ಕೆ ಎರಡು ಕಡಿಮೆ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂತು, 31 ಅವಿಭಾಜ್ಯ. ನಮ್ಮ ಸಂಖ್ಯೆಗೆ ಹೀಗೆ 65 ಸಲ ಮಾಡಬೇಕು, ಕೊನೆಗೆ ಸೊನ್ನೆ ಬರುವುದಿಲ್ಲ. ಅಷ್ಟೇ, ಸಮ ಸಾಲು ಆಗುತ್ತದೆ ಅಂತ ಗ್ಯಾರಂಟಿ! ಎಷ್ಟು ಸಾಲು ಅನ್ನುವುದಕ್ಕೆ ಮಾತ್ರ ಈ ಲೆಕ್ಕದಲ್ಲಿ ಉತ್ತರ ಇಲ್ಲ.

ಉತ್ತರ ಸಿಕ್ಕಿದ್ದು ಮತ್ತೆ 27 ವರ್ಷ ಕಳೆದು. 1903ರ ಅಕ್ಟೋಬರ್ 31ರಂದು ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ಕೋಲ್ ಅದನ್ನು ಮುಂದಿಟ್ಟರು. ಒಂದು ಮಾತೂ ಆಡದೆ ಬೋರ್ಡಿನಲ್ಲಿ ಒಂದು ಕಡೆ ಸಂಖ್ಯೆ ಬರೆದು, ಇನ್ನೊಂದು ಕಡೆ ಗುಣಾಕಾರ ಮಾಡಿ ಸುಮ್ನೆ ಹೋಗಿ ಕೂತರು, ಇದಕ್ಕೆ ಮೂರು ವರ್ಷದ ಭಾನುವಾರಗಳು ಬೇಕಾದವು ಅಂತ ಆಮೇಲೆ ಹೇಳಿದರು ಅನ್ನೋ ಕತೆ ಇದೆ. ಕತೆಗೆ ಸ್ವಲ್ಪ ಮಸಾಲೆ ಸೇರಿರಬಹುದು, ಗುಣಾಕಾರಕ್ಕೆ ಸೇರಿಲ್ಲ: 19,37,07,721 ಸಾಲು, ಸಾಲಿಗೆ 7,61,83,82,57,287 ಅಡಿಕೆ.

ಕೋಲ್ ಕಂಡಕಂಡ ಸಂಖ್ಯೆಯಿಂದ ಭಾಗಿಸುತ್ತ ಕೂತವರಲ್ಲ. ಇದನ್ನು ಭಾಗಿಸುವ ಯಾವ ಸಂಖ್ಯೆಯಾದರೂ 134ರ ಗುಣಕಕ್ಕೆ ಒಂದು ಸೇರಿಸಿದ್ದೇ ಆಗಿರಬೇಕು, ಅಲ್ಲೇ ಜಾಸ್ತಿ ಕಸ ಹೋಯಿತು. ಆದರೂ ಉತ್ತರದ ಚಿಕ್ಕ ಸಂಖ್ಯೆ 19,37,07,721 ಇಂಥವುಗಳ ಪಟ್ಟಿಯಲ್ಲಿ 14,45,580ನೆಯದು, ಹಾಗಾಗಿ ವರ್ಗಶೇಷಗಳ (ವರ್ಗ ಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ) ಜರಡಿ ಹಿಡಿದು ಇನ್ನಷ್ಟು ಕಳೆದರು.

ನಾನು ಗುಣಿಸಿ ನೋಡೋಣ ಅಂದರೆ ಫೋನಿನ ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ನುಂಗಿಹಾಕಿತು. ಜಗಲಿಯಲ್ಲಿ ಪೆನ್ಸಿಲ್ ಹಿಡಿದು ಕೂತೆ. ಮೊದಲ ಸಲ ದಶಕ ಸೇರಿಸುವುದರಲ್ಲಿ ಎಲ್ಲೋ ತಪ್ಪಿದೆ. ಎರಡನೇ ಸಲ ಎಡತುದಿಯ 147ರ ತನಕ ಎಲ್ಲ ಸರಿ ಬಂತು.